ಎಕ್ಸ್‌ಟೆಂಡೆಡ್ ವಾರಂಟಿ (ಜಾಸ್ತಿ ದುಡ್ಡು ಕೊಟ್ಟು ಪಡೆಯುವ ಹೆಚ್ಚುವರಿ ಅವಧಿಯ ವಾರಂಟಿ) ಇಲ್ಲದಿದ್ದರೆ ನಮಗೆ ಹಕ್ಕೇ ಇಲ್ವಾ?

ಇದೆ. ತಯಾರಿಕೆಯಲ್ಲೇ ದೋಷವಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ನಿಮ್ಮ ಕಡೆಗಿದೆ, ಅದಕ್ಕೆ ಜಾಸ್ತಿ ದುಡ್ಡು ಕೊಡಬೇಕಿಲ್ಲ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಬಗೆಹರಿಯದಿದ್ದರೆ, ದೂರಿಗೆ ಕಾರಣ ಹುಟ್ಟಿದ ದಿನದಿಂದ 2 ವರ್ಷದೊಳಗೆ ನಿಮ್ಮ ಜಿಲ್ಲೆಯ ಗ್ರಾಹಕ ಆಯೋಗಕ್ಕೆ ಹೋಗಿ. ವಸ್ತುವಿಗೆ ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ.

ತೊಡಕು ಏನೆಂದರೆ, ದೋಷ ಮೊದಲಿಂದಲೇ ಇತ್ತೆಂದು ತೋರಿಸಬೇಕಾದವರು ನೀವು. ಅದಕ್ಕೇ ಪ್ರತಿ ರಿಪೇರಿಗೂ ಜಾಬ್‌ಶೀಟ್ (ಏನು ಕೆಟ್ಟಿತ್ತು, ಏನು ಸರಿಮಾಡಿದರು ಎಂದು ಬರೆದ ಚೀಟಿ) ಕೇಳಿ ಇಸ್ಕೊಳ್ಳಿ. ಬಿಲ್ಲಿನ ಫೋಟೋ ತೆಗೆದಿಡಿ. ನನ್ನ ವಾಷಿಂಗ್ ಮಷಿನ್ ಬಿಲ್ 14 ತಿಂಗಳಿಗೇ ಬಿಳಿ ಹಾಳೆಯಾಗಿತ್ತು!

ಸವೆತಕ್ಕೆ, ಬಳಸಿ ಹಳತಾಗಿದ್ದಕ್ಕೆ ಕಾಯ್ದೆ ಬರಲ್ಲ. ಕಂಪನಿ ವಾರಂಟಿ ಮುಗಿದ ಮೇಲೆ ವಸ್ತು ಕೆಟ್ಟರೆ ಎಕ್ಸ್‌ಟೆಂಡೆಡ್ ವಾರಂಟಿ ಉಪಯೋಗಕ್ಕೆ ಬಂದೀತು. ಆದರೆ ಸಣ್ಣ ಅಕ್ಷರ ಓದಿ: ಸವೆತ, ವೋಲ್ಟೇಜ್ ಏರುಪೇರು, ಇಲಿ ಕಡಿದ ವೈರು ಎಷ್ಟೋ ಸಲ ಅದರಲ್ಲಿ ಸೇರಿರಲ್ಲ. ನಾನಂತೂ ದುಬಾರಿ ಟಿವಿಗಷ್ಟೇ ತಗೊಳ್ತೇನೆ, ಮಿಕ್ಸಿಗೆಲ್ಲ ಸುಮ್ನೆ ದಂಡ.