ಆಗಸ್ಟಿನಲ್ಲಿ ಕೊನೆಯ ದಿನಕ್ಕೆ ಚಿಕ್ಕ ದ್ವೀಪ ಇಟ್ಟುಕೊಳ್ಳಬೇಡಿ ಸರ್

ಸರ್, ನಿಮ್ಮ ಪ್ಲಾನ್ ನೋಡಿದೆ. ಗ್ರೀಸ್‌ನಲ್ಲಿ ಅಥೆನ್ಸ್, ಆಮೇಲೆ ದ್ವೀಪಗಳು: ಸ್ಯಾಂಟೊರಿನಿ, ನಾಕ್ಸೋಸ್, ಕೊನೆಗೆ ಪುಟ್ಟ ಕೂಫೋನಿಸಿಯಾ. ಆಗಸ್ಟ್ 17ರ ಬೆಳಿಗ್ಗೆ ಅಲ್ಲಿಂದ ಹಡಗು ಹತ್ತಿ ಅಥೆನ್ಸ್‌ನ ಬಂದರು ಪಿರೇಯಸ್, ಅದೇ ರಾತ್ರಿ ಬೆಂಗಳೂರಿಗೆ ವಿಮಾನ. "ಸ್ವಲ್ಪ ಟೈಟ್ ಆಗುತ್ತಾ?" ಅಂತ ಕೇಳಿದ್ದೀರಿ. ಟೈಟ್ ಅಲ್ಲ ಸರ್, ಜೂಜು. ಇದೇ ಜೂಜಾಡಿ ವಿಮಾನ ತಪ್ಪಿಸಿಕೊಂಡವನು ನಾನು, ಅದಕ್ಕೇ ಉದ್ದ ಬರೆಯುತ್ತಿದ್ದೇನೆ.

ಮೇಲೆ ಒಬ್ಬರು "ಆಗಸ್ಟಲ್ಲಿ ಅಲ್ಲಿ ಮಳೆಯೇ ಇಲ್ಲ, ಆರಾಮಾಗಿ ಹೋಗಿ" ಅಂದಿದ್ದಾರೆ. ದಯವಿಟ್ಟು ಹೀಗೆಲ್ಲ ಹೇಳಬೇಡಿ. ನಮ್ಮ ಕರಾವಳಿಯಲ್ಲಿ ಕಡಲು ಕೆರಳುವುದು ಮಳೆಗಾಲದಲ್ಲಿ. ಈ ದ್ವೀಪಗಳಿರುವ ಏಜಿಯನ್ ಕಡಲು ಬಿರುಬಿಸಿಲಲ್ಲೇ ಕೆರಳುತ್ತದೆ. ಜುಲೈ, ಆಗಸ್ಟಲ್ಲಿ ಉತ್ತರದಿಂದ ಮೆಲ್ಟೆಮಿ ಗಾಳಿ ಬೀಸುತ್ತದೆ. ಆಕಾಶದಲ್ಲಿ ಒಂದು ಮೋಡ ಇರುವುದಿಲ್ಲ, ಕಡಲ ತುಂಬ ಬಿಳಿ ನೊರೆ. ಒಮ್ಮೆ ಹಿಡಿದರೆ ಎರಡು ಮೂರು ದಿನ ಬಿಡದೇ ಇರಬಹುದು, ಕೆಲವೊಮ್ಮೆ ಜಾಸ್ತಿ. ಗಾಳಿ 8 ಬೋಫರ್ಟ್ (ಗಾಳಿಯ ಜೋರಿನ ಅಳತೆ) ಹತ್ತಿರ ಬಂತೆಂದರೆ ಅಲ್ಲಿನ ಕೋಸ್ಟ್ ಗಾರ್ಡ್ ಹಡಗು ಬಿಡಲು ಒಪ್ಪುವುದಿಲ್ಲ. ಚಿಕ್ಕ ಹಡಗು, ಕ್ಯಾಟಮರನ್ ಅನ್ನುವ ಜೋಡಿ ಒಡಲಿನ ವೇಗದ ಹಡಗುಗಳು ಅದಕ್ಕೂ ಮೊದಲೇ ನಿಲ್ಲುತ್ತವೆ. ನಿಮ್ಮ ಟಿಕೆಟ್ ಯಾವ ಕ್ಲಾಸಿನದ್ದಾದರೂ ಅಷ್ಟೇ.

ನಿಷೇಧ ತೆಗೆದ ಮೇಲೆ ಇನ್ನೊಂದು ತಲೆನೋವು. ಎರಡು ದಿನದ ಜನ ಒಂದೇ ಹಡಗಿಗೆ ಬರುತ್ತಾರೆ. ಅದರ ಮೇಲೆ ಆಗಸ್ಟ್ 15 ಮೇರಿ ಮಾತೆಯ ಹಬ್ಬ. ಗ್ರೀಕರೇ ಸಂಸಾರ ಸಮೇತ ಊರಿಗೆ ಬಂದಿರುತ್ತಾರೆ, ಹಬ್ಬ ಮುಗಿಸಿ ವಾಪಸ್ ಹೊರಡುವ ಹೊತ್ತಿಗೇ ನೀವೂ ಹೊರಡುತ್ತಿದ್ದೀರಿ. ಟಿಕೆಟ್ ಕೌಂಟರಿನಲ್ಲಿ ಅವತ್ತು ನನಗೆ ಸಿಕ್ಕ ಉತ್ತರ "ನಾಳೆ ನೋಡೋಣ". ಕೊನೇ ಗಳಿಗೆಯಲ್ಲಿ ಹೊಸ ವಿಮಾನದ ಟಿಕೆಟ್‌ಗೆ ಕೊಟ್ಟ ದುಡ್ಡು ಇಲ್ಲಿ ಬರೆಯುವುದಿಲ್ಲ, ಮನೆಯವರೂ ಈ ಗುಂಪಿನಲ್ಲಿದ್ದಾರೆ.

ಈಗ ನಾನು ಮಾಡುವುದು ಇಷ್ಟು. ಪ್ಲಾನನ್ನು ವಿಮಾನದ ದಿನದಿಂದ ಹಿಂದಕ್ಕೆ ಬರೆಯುತ್ತೇನೆ. ಹಿಂದಿನ ರಾತ್ರಿ ಅಥೆನ್ಸ್‌ನಲ್ಲೇ. ಆಗಸ್ಟ್ ಆದರೆ ಎರಡು ರಾತ್ರಿ, ಅಕ್ರೊಪೊಲಿಸ್ ಆಗ ನೋಡಿದರಾಯಿತು. ಅದಕ್ಕೂ ಹಿಂದಿನ ದ್ವೀಪ ದೊಡ್ಡದಿರಬೇಕು, ವಿಮಾನ ನಿಲ್ದಾಣವೂ ಇರಬೇಕು: ನಾಕ್ಸೋಸ್, ಪಾರೋಸ್, ಸ್ಯಾಂಟೊರಿನಿ. ಅಲ್ಲಿ ದಿನಕ್ಕೆ ಹಲವು ಹಡಗು. ಎಲ್ಲ ನಿಂತರೂ ವಿಮಾನದಲ್ಲಿ ಸೀಟು ಸಿಕ್ಕೀತು. ಸಿಕ್ಕೀತು ಅಂದೆ, ಸಿಗುತ್ತದೆ ಅನ್ನಲಿಲ್ಲ. ಗಾಳಿ ಜೋರಿದ್ದರೆ ಅದೂ ತಡ, ನಾಕ್ಸೋಸ್‌ಗೆ ಬರುವುದು ಚಿಕ್ಕ ವಿಮಾನ, ಬೇಗ ತುಂಬುತ್ತದೆ. ಕೂಫೋನಿಸಿಯಾ, ಸ್ಕಿನೂಸಾ, ಇರಾಕ್ಲಿಯಾ, ದೋನೂಸಾ, ಅಮೋರ್ಗೋಸ್, ಈ ದ್ವೀಪಗಳೆಲ್ಲ ಪ್ಲಾನಿನಲ್ಲಿ ಮೊದಲಿಗೆ. ಪಿರೇಯಸ್‌ನಿಂದ ಬ್ಲೂ ಸ್ಟಾರ್ ಕಂಪನಿಯ ದೊಡ್ಡ ಹಡಗು ವಾರದಲ್ಲಿ ಕೆಲವು ದಿನ ನೇರ ಆ ಕಡೆ ಹೋಗುತ್ತದೆ. ಅದರಲ್ಲಿ ಹೋಗಿ, ನಿಧಾನವಾಗಿ ಅಥೆನ್ಸ್ ಕಡೆಗೆ ಹಿಂದೆ ಬನ್ನಿ. ಮೊದಲಲ್ಲೇ ಸಿಕ್ಕಿಹಾಕಿಕೊಂಡರೆ ಹೋಗುವುದು ಒಂದು ಹೋಟೆಲ್ ಬಾಡಿಗೆ ಮಾತ್ರ.

ಚಿಕ್ಕ ದ್ವೀಪಗಳ ಮಧ್ಯೆ ಓಡಾಡಲು ಸ್ಕೋಪೆಲಿಟಿಸ್ ಇದೆ. ಪುಟ್ಟ ಹಡಗು, ರಾತ್ರಿ ಅಮೋರ್ಗೋಸ್‌ನ ಕಟಪೋಲಾದಲ್ಲಿ ತಂಗಿ, ಬೆಳಿಗ್ಗೆ ನಾಕ್ಸೋಸ್‌ಗೆ ಬಂದು ಮಧ್ಯಾಹ್ನ ವಾಪಸ್ ಹೊರಡುತ್ತದೆ. ಸಾಮಾನ್ಯವಾಗಿ ಭಾನುವಾರ ಇಲ್ಲ. ನನಗೆ ಬಹಳ ಇಷ್ಟ, ಆದರೆ ತೊಟ್ಟಿಲು ತೂಗಿದ ಹಾಗೆ ತೂಗುತ್ತದೆ. ಅಮ್ಮ ಅಪ್ಪ ಜೊತೆಗಿದ್ದರೆ ದೊಡ್ಡ ಹಡಗೇ ಸರಿ. ಅಮೋರ್ಗೋಸ್‌ಗೆ ಎರಡು ಬಂದರು, ಕಟಪೋಲಾ ಮತ್ತು ಎಗಿಯಾಲಿ. ರೂಮು ಒಂದರಲ್ಲಿ, ಟಿಕೆಟ್ ಇನ್ನೊಂದಕ್ಕೆ ಆದರೆ ನಡುರಾತ್ರಿ ಟ್ಯಾಕ್ಸಿ ಹುಡುಕಬೇಕು. ಹಡಗುಗಳು ಬಹಳ ಸಲ ಅಪವೇಳೆಯಲ್ಲೇ ಮುಟ್ಟುತ್ತವೆ, ರೂಮಿನವರಿಗೆ ಹಡಗಿನ ಹೆಸರು ಹೇಳಿಬಿಡಿ.

ಕ್ಯಾಟಮರನ್ ಬೇಗ ಹೋಗುತ್ತದೆ ಅಂತ ಎಲ್ಲರೂ ಅದನ್ನೇ ಬುಕ್ ಮಾಡುತ್ತೀರಿ. ದುಡ್ಡು ಹತ್ತಿರತ್ತಿರ ಎರಡು ಪಟ್ಟು. ಹೆಚ್ಚಿನವುಗಳಲ್ಲಿ ಒಳಗೇ ಮುಚ್ಚಿಕೊಂಡು ಕೂರಬೇಕು, ಡೆಕ್ ಇಲ್ಲ. ಗಾಳಿಗೆ ಮೊದಲು ರದ್ದಾಗುವುದೂ ಅದೇ. ಪಿರೇಯಸ್‌ನಿಂದ ನಾಕ್ಸೋಸ್‌ಗೆ ಬ್ಲೂ ಸ್ಟಾರ್ ಐದು ಗಂಟೆ ಚಿಲ್ಲರೆ. ಡೆಕ್ ಟಿಕೆಟ್ ತಗೊಂಡು ಗಾಳಿಗೆ ಕೂರಿ, ಸುಮ್ನೆ ಬಿಸಿನೆಸ್ ಕ್ಲಾಸ್ ಬೇಡ.

ವಾಂತಿಗೆ ಅವೊಮಿನ್ ಮಾತ್ರೆ ಇಲ್ಲಿಂದಲೇ ಒಯ್ಯಿರಿ. ಹಡಗು ಅಲುಗಾಡಿದ ಮೇಲೆ ನುಂಗಿದರೆ ಪ್ರಯೋಜನ ಇಲ್ಲ, ಹತ್ತುವ ಮೊದಲೇ ನುಂಗಬೇಕು. ನಿದ್ದೆ ಎಳೆಯುತ್ತದೆ, ಹಾಗಾಗಿ ಇಳಿಯುವ ಊರಿಗೆ ಅಲಾರಂ ಇಡಿ. ಚಿಕ್ಕ ಬಂದರಲ್ಲಿ ಹಡಗು ನಿಲ್ಲುವುದು ಕೆಲವೇ ನಿಮಿಷ. ಅನೌನ್ಸ್‌ಮೆಂಟ್ ಬಂದ ಕೂಡಲೇ ಕೆಳಗೆ ವಾಹನ ನಿಲ್ಲಿಸುವ ಅಂತಸ್ತಿಗೆ ಇಳಿದು ನಿಂತಿರಬೇಕು. ಲಗೇಜ್ ಅಲ್ಲೇ ದ್ವೀಪದ ಹೆಸರು ಬರೆದ ಕಪಾಟಿನಲ್ಲಿ ಇರುತ್ತದೆ. ಪಾಸ್‌ಪೋರ್ಟ್, ಮಾತ್ರೆ ಅದರಲ್ಲಿ ಬಿಡಬೇಡಿ.

ಹಡಗು ರದ್ದಾದರೆ ಟಿಕೆಟ್ ಹಣ ವಾಪಸ್ ಇಲ್ಲವೇ ಮುಂದಿನ ಹಡಗು, ಇದು ಯುರೋಪಿನ ಕಾನೂನು. ಹೋಟೆಲ್ ಖರ್ಚು ರಾತ್ರಿಗೆ 80 ಯೂರೋವರೆಗೆ, ಮೂರು ರಾತ್ರಿ. ಆದರೆ ಕಾರಣ ಹವಾಮಾನ ಆಗಿದ್ದರೆ ಹೋಟೆಲ್ ದುಡ್ಡು ಇಲ್ಲ. ಕೌಂಟರಿನಲ್ಲಿ ಜಗಳ ಆಡಬೇಡಿ.

ಪಿರೇಯಸ್ ದೊಡ್ಡ ಬಂದರು. ಗೇಟ್ ನಂಬರ್ ಮೊದಲೇ ನೋಡಿ. ಇ7 ಮೆಟ್ರೋ ಎದುರಿಗೇ ಇದೆ, ಇ1 ಆಚೆ ತುದಿ. 2022ರಿಂದ ವಿಮಾನ ನಿಲ್ದಾಣದಿಂದ ಮೂರನೇ ಲೈನ್ ಮೆಟ್ರೋ ನೇರ ಪಿರೇಯಸ್‌ಗೆ ಬರುತ್ತದೆ. ರಾತ್ರಿ ಮೆಟ್ರೋ ಇಲ್ಲದಾಗ ಎಕ್ಸ್96 ಬಸ್.

ಕೆಳಗೆ ಇನ್ನೊಬ್ಬರು "ಹಾಗೇ ಕೋಸ್‌ಗೆ ಹೋಗಿ ಟರ್ಕಿಯ ಬೋಡ್ರುಮ್ ನೋಡಿ ಬನ್ನಿ" ಅಂದಿದ್ದಾರಲ್ಲ, ಅದನ್ನು ಕೇಳುವ ಮೊದಲು ಪಾಸ್‌ಪೋರ್ಟ್ ತೆಗೆದು ನೋಡಿ. ಕೋಸ್ ಗ್ರೀಸ್‌ನ ದ್ವೀಪ, ಗ್ರೀಸ್‌ಗೆ ಬೇಕಾದ ಶೆಂಗನ್ ವೀಸಾ ಯುರೋಪಿನ ಹಲವು ದೇಶಗಳಿಗೆ ಒಂದೇ, ಟರ್ಕಿ ಅದರಲ್ಲಿಲ್ಲ. ಆ ವೀಸಾದಲ್ಲಿ ಪ್ರವೇಶದ ಸಂಖ್ಯೆ 01 (ಒಂದೇ ಸಲ ಒಳಗೆ ಬರಬಹುದು) ಅಂತಿದ್ದರೆ, ಬೋಡ್ರುಮ್‌ಗೆ ಹೋದವರು ಅದೇ ವೀಸಾದಲ್ಲಿ ಕೋಸ್‌ಗೆ ವಾಪಸ್ ಬರುವ ಹಾಗಿಲ್ಲ. ನಿಮ್ಮದು 01ಆ, ಮಲ್ಟಿಪಲ್ಲಾ ಹೇಳಿ. ಹಡಗಿನ ತಾರೀಖು ಆಮೇಲೆ ಕೂತು ಸರಿಮಾಡೋಣ.