ಹಳೆಯ ಪದ್ಮಿನಿಯ ಮಾಸಿದ ಬಣ್ಣಕ್ಕೆ ಕೈಯಲ್ಲೇ ಉಜ್ಜಿ ಹೊಳಪು ತರಬಹುದೇ?

ತೀರ್ಥಹಳ್ಳಿ ಹತ್ತಿರದ ಅಜ್ಜನ ಮನೆಯ ಕೊಟ್ಟಿಗೆಯಲ್ಲಿ ವರ್ಷಗಟ್ಟಲೆ ನಿಂತಿದ್ದ ಕಡುಗೆಂಪು ಪ್ರೀಮಿಯರ್ ಪದ್ಮಿನಿ ಕಾರಿನ ಬಣ್ಣ ಸುಣ್ಣ ಬಳಿದಂತೆ ಮಂಕಾಗಿದೆ, ಗ್ಯಾರೇಜಿನವರು ಪೂರ್ತಿ ಪೇಂಟ್ ಮಾಡಿಸಿ ಎನ್ನುತ್ತಿದ್ದಾರೆ, ಯಂತ್ರವಿಲ್ಲದೆ ಕೈಯಲ್ಲೇ ಉಜ್ಜಿ ಹೊಳಪು ತರಲು ಸಾಧ್ಯವೇ ಎಂದು ಕೇಳಿದ್ದೀರಿ. ಬಣ್ಣ ಬಿರುಕು ಬಿಟ್ಟಿಲ್ಲ, ಹಕ್ಕಳೆಯಾಗಿ ಎದ್ದಿಲ್ಲ ಎಂದಾದರೆ ಸಾಧ್ಯ. ಶಿವಮೊಗ್ಗದಲ್ಲಿ ನನ್ನ 1986ರ ತಿಳಿನೀಲಿ ಪದ್ಮಿನಿಗೆ ಈ ಕೆಲಸವನ್ನು ಎರಡು ಸಲ ಮಾಡಿದ್ದೇನೆ. ಮೊದಲ ಸಲ ಒಂದು ತಪ್ಪನ್ನೂ ಮಾಡಿದೆ, ಅದನ್ನು ಮುಂದೆ ಹೇಳುತ್ತೇನೆ.

ಇಂದಿನ ಕಾರುಗಳಲ್ಲಿ ಬಣ್ಣದ ಮೇಲೆ ಕ್ಲಿಯರ್ ಕೋಟ್ ಎಂಬ ಬಣ್ಣವಿಲ್ಲದ ಪದರವೊಂದಿದ್ದು, ಹೊಳಪೆಲ್ಲ ಅದರದೇ ಆಗಿರುತ್ತದೆ. ನಿಮ್ಮ ಕಾರಿನ ಕಾಲದ ಪದ್ಮಿನಿ, ಅಂಬಾಸಿಡರ್‌ಗಳ ಸಾದಾ ಬಣ್ಣದಲ್ಲಿ ಹಾಗಿಲ್ಲ. ಬಣ್ಣವೂ ಹೊಳಪೂ ಒಂದೇ ಪದರದಲ್ಲಿರುತ್ತವೆ. ಬಿಸಿಲಿನ ಅತಿನೇರಳೆ ಕಿರಣಗಳಿಂದ ಆ ಪದರದ ಮೇಲ್ಭಾಗದ ರಾಳ ಸವೆದು, ಅದು ಹಿಡಿದಿಟ್ಟುಕೊಂಡಿದ್ದ ಬಣ್ಣದ ಪುಡಿ ಸಡಿಲವಾಗಿ ನಿಲ್ಲುತ್ತದೆ. ಒರಟಾದ ಆ ಮೈಮೇಲೆ ಬಿದ್ದ ಬೆಳಕು ಚದುರಿಹೋಗುವುದರಿಂದ ನಮಗೆ ಮಂಕು ಕಾಣುತ್ತದೆ. ಬಾಗಿಲುಗಳಿಗಿಂತ ಟಾಪ್ ಮತ್ತು ಬಾನೆಟ್ ಹೆಚ್ಚು ಮಾಸಿರುವುದನ್ನು ನೀವೇ ನೋಡಿರುತ್ತೀರಿ. ಕೆಂಪು ಬಣ್ಣಗಳು ಬೇಗ ಮಾಸುತ್ತವೆ ಎಂಬುದೂ ನಿಜ. ಆದರೆ ಸತ್ತಿರುವುದು ಮೇಲಿನ ತೆಳುಪದರ ಮಾತ್ರ, ಅದರಡಿಯಲ್ಲಿ ಒಳ್ಳೆಯ ಬಣ್ಣ ಉಳಿದಿರುತ್ತದೆ.

ಅದು ಉಳಿದಿದೆಯೇ ಎಂದು ತಿಳಿಯಲು ಡಿಕ್ಕಿಯ ಮುಚ್ಚಳದ ಮೇಲೆ ಒಂದು ಅಂಗೈಯಗಲ ಜಾಗದಲ್ಲಿ, ಬಿಳಿ ಬಟ್ಟೆಗೆ ಸ್ವಲ್ಪ ಮೃದುವಾದ ಪಾಲಿಶ್ ಹಚ್ಚಿ ಹತ್ತಿಪ್ಪತ್ತು ಸಲ ಉಜ್ಜಿ ನೋಡಿ. ಬಟ್ಟೆಗೆ ಕೆಂಪು ಹತ್ತಿದರೆ ಅದು ಒಂದೇ ಪದರದ ಹಳೆಯ ಪೇಂಟ್. (ಬಿಳಿ ಕಾರಿದ್ದವರು ಕಪ್ಪು ಬಟ್ಟೆಯಲ್ಲಿ ನೋಡಬೇಕು, ಇಲ್ಲವಾದರೆ ಏನೂ ತಿಳಿಯುವುದಿಲ್ಲ.) ಬಣ್ಣ ಹತ್ತದೆ, ಮೈಮೇಲೆ ಪೊರೆ ಕಳಚಿದಂತೆ ಬಿಳಿ ತೇಪೆಗಳಿದ್ದರೆ, ಯಾರೋ ನಡುವೆ ಕ್ಲಿಯರ್ ಕೋಟ್ ಹೊಡೆಸಿದ್ದಾರೆ, ಅದು ಏಳುತ್ತಿದೆ ಎಂದರ್ಥ, ಅದಕ್ಕೆ ಉಜ್ಜುವುದು ಮದ್ದಲ್ಲ.

ತೊಳೆಯುವುದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ನೆರಳಿನಲ್ಲಿ, ಕಾರ್ ಶಾಂಪೂ ಹಾಕಿ, ಮೇಲಿನಿಂದ ಕೆಳಗೆ ತೊಳೆಯಿರಿ. ನಮ್ಮ ಕೆಮ್ಮಣ್ಣಿನ ಧೂಳು ಉಪ್ಪುಕಾಗದದಂತೆ ಗೀರುವುದರಿಂದ ಮೊದಲು ಬರೀ ನೀರು ಹಾಯಿಸಿ ಅದನ್ನು ಇಳಿಸಬೇಕು. ಕಿಟಕಿಯ ರಬ್ಬರ್ ಬೀಡಿಂಗಿನ ಸಂದಿಯಲ್ಲಿ ಕಟ್ಟಿರುವ ಪಾಚಿಗೆ ಹಳೆಯ ಹಲ್ಲುಜ್ಜುವ ಬ್ರಷ್ ಸಾಕು. ಒಣಗಿದ ಮೇಲೆ ಬೆರಳುಗಳಿಗೆ ತೆಳುವಾದ ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಬಾನೆಟ್ ಸವರಿ ನೋಡಿ, ಬರಿಗೈಗೆ ನುಣುಪೆನಿಸಿದ್ದ ಜಾಗ ರವೆ ಚೆಲ್ಲಿದಂತೆ ತೊಡಕುತ್ತದೆ. ಅದನ್ನು ತೆಗೆಯುವುದು ಕ್ಲೇ ಬಾರ್ ಎಂಬ ಜೇಡಿಯಂಥ ಅಂಟು. ಶಾಂಪೂ ನೀರು ಧಾರಾಳವಾಗಿ ಚಿಮುಕಿಸಿ ಒತ್ತದೆ ಜಾರಿಸಬೇಕು. ನೆಲಕ್ಕೆ ಬಿದ್ದ ತುಂಡನ್ನು ಎಸೆದುಬಿಡಿ, ಅದರಲ್ಲಿ ಮರಳು ಸೇರಿರುತ್ತದೆ.

ಇದಾದ ಕೂಡಲೇ, ಪಾಲಿಶಿಗಿಂತ ಒರಟಾಗಿ ಬಣ್ಣ ಸವೆಸುವ ರಬ್ಬಿಂಗ್ ಕಾಂಪೌಂಡಿನ ಡಬ್ಬಿ ತೆರೆಯುವವರೇ ಹೆಚ್ಚು, ನಾನೂ ಹಾಗೆಯೇ ಮಾಡಿದ್ದೆ. ಎರಡನೆಯ ಸಲ ಬೇರೆ ದಾರಿ ಹಿಡಿದೆ. ಗ್ಲೇಜ್ ಎಂಬ, ಎಣ್ಣೆಯಂಶ ಹೆಚ್ಚಿರುವ ಹೊಳಪಿನ ಲೇಪವನ್ನು ಟರ್ಕಿ ಟವೆಲಿನ ತುಂಡಿನಿಂದ ದಪ್ಪಗೆ ಹಚ್ಚಿ, ಚೆನ್ನಾಗಿ ತಿಕ್ಕಿ, ಒರೆಸದೆ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ನೋಡಿದರೆ ಟಾಪ್ ಮತ್ತು ಬಾನೆಟ್ಟಿನ ಮೇಲೆ ಹಚ್ಚಿದ್ದು ಅಲ್ಲಲ್ಲಿ ಹೀರಿಹೋಗಿತ್ತು, ಬಾಗಿಲುಗಳ ಮೇಲೆ ಹಾಗೆಯೇ ಇತ್ತು. ಒರೆಸಿದಾಗ ಪುಡಿಯಾಗಿದ್ದ ಬಣ್ಣ ಟವೆಲಿಗೆ ಬಂದು, ಅಡಿಯ ನೀಲಿ ಒದ್ದೆಯಾದ ಹಾಗೆ ಗಾಢವಾಗಿ ಕಂಡಿತು. ಒಣಗಿದ ಬಣ್ಣಕ್ಕೆ ಹೀಗೆ ಎಣ್ಣೆ ಕುಡಿಸಿದ ಮೇಲೆ ಉಜ್ಜಬೇಕಾದದ್ದು ಬಹಳ ಕಡಿಮೆಯಾಗುತ್ತದೆ.

ಉಜ್ಜುವಾಗ ಅತಿ ಮೃದುವಾದ ಪಾಲಿಶಿನಿಂದ ಆರಂಭಿಸಿ, ಅದರಿಂದ ಆಗದಿದ್ದಲ್ಲಿ ಮಾತ್ರ ಕಾಂಪೌಂಡ್ ಬಳಸಿ. ಫೋಮ್ ಪ್ಯಾಡಿಗೆ ಗೋಲಿಯಷ್ಟು ಹಚ್ಚಿಕೊಂಡು, ಒಂದೂವರೆ ಅಡಿ ಚೌಕದಷ್ಟನ್ನೇ ಒಮ್ಮೆಗೆ ತೆಗೆದುಕೊಂಡು, ಬೆರಳ ತುದಿಯಿಂದಲ್ಲದೆ ಅಂಗೈಯಿಂದ ಒತ್ತಿ ಉಜ್ಜಿ, ಒಣಗುವ ಮೊದಲೇ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ. ಬಾನೆಟ್ಟಿಗೇ ಒಂದು ಮಧ್ಯಾಹ್ನ ಬೇಕಾಗುತ್ತದೆ. ಕಾರಿನ ಪೇಂಟ್ ಎಲ್ಲ ಪದರಗಳೂ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್, ಎಂದರೆ ಬರೆಯುವ ಹಾಳೆಯ ದಪ್ಪ ಅಥವಾ ಅದಕ್ಕಿಂತ ತುಸು ಹೆಚ್ಚು. ಏಣುಗಳ ಮೇಲೆ ಅಷ್ಟೂ ಇರುವುದಿಲ್ಲ. ನನ್ನ ತಪ್ಪು ಆದದ್ದು ಅಲ್ಲಿಯೇ. ಪದ್ಮಿನಿಯ ಹಿಂಬದಿಯಲ್ಲಿ ರೆಕ್ಕೆಯಂತೆ ಎದ್ದಿರುವ ಏಣಿದೆಯಲ್ಲ, ಅದನ್ನು ಕಾಂಪೌಂಡ್ ಹಚ್ಚಿ ಉಜ್ಜುತ್ತಾ, ಬಟ್ಟೆಗೆ ಹತ್ತುತ್ತಿದ್ದ ನೀಲಿಯನ್ನು ಕಂಡು ಕೆಲಸ ಚೆನ್ನಾಗಿ ಸಾಗುತ್ತಿದೆ ಎಂದು ಹಿಗ್ಗಿದೆ. ಒರೆಸಿದಾಗ ಒಂದು ಬೆರಳುದ್ದಕ್ಕೆ ಬಣ್ಣದಡಿಯ ಬೂದುಬಣ್ಣದ ಪ್ರೈಮರ್ ಪದರ ಇಣುಕುತ್ತಿತ್ತು. ಈಗಲೂ ಅದು ಹಾಗೆಯೇ ಇದೆ. ಆದ್ದರಿಂದ ಕಾಂಪೌಂಡ್ ಬಳಸುವ ಮುನ್ನ ಎಲ್ಲ ಏಣು, ಅಂಚುಗಳಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ, ಕೊನೆಗೆ ಟೇಪ್ ತೆಗೆದು ಅಲ್ಲಿ ಮೃದು ಪಾಲಿಶಿನಿಂದ ನಾಲ್ಕೈದು ಸಲ ಸವರಿದರೆ ಸಾಕು.

ಬಳಿಕ ಕಾರ್ನೌಬಾ ವ್ಯಾಕ್ಸನ್ನು (ಒಂದು ಬಗೆಯ ತಾಳೆ ಎಲೆಯ ಮೇಣ), ಕಂಡೂ ಕಾಣದಷ್ಟು ತೆಳುವಾಗಿ, ಒಂದು ದಿನದ ಅಂತರದಲ್ಲಿ ಎರಡು ಸಲ ಹಚ್ಚಿ. ಆಗುಂಬೆ ಇರುವ ತಾಲ್ಲೂಕಿನವರಿಗೆ ಮಳೆಯ ಬಗ್ಗೆ ನಾನು ಹೇಳಬೇಕಿಲ್ಲವಾದರೂ, ಗಾಳಿಯಲ್ಲಿ ತೇವವಿರುವಾಗ ವ್ಯಾಕ್ಸ್ ಸರಿಯಾಗಿ ಆರದೆ ಜಿಡ್ಡಾಗಿ ಉಳಿಯುವುದರಿಂದ, ಸ್ವಾತಿ ಮಳೆ ಕಳೆದ ಮೇಲೆಯೇ ಈ ಕೆಲಸಕ್ಕೆ ಕೈಹಾಕಿ. ಅದು ಅಡಿಕೆ ಕೊಯ್ಲಿನ ಕಾಲವೂ ಹೌದು. ಅಡಿಕೆ ಬೇಯಿಸುವ ಒಲೆಯ ಹತ್ತಿರ ಕಾರು ನಿಲ್ಲಿಸಿದರೆ ಹಾರುವ ಬೂದಿಯೆಲ್ಲ ಹಸಿ ಪಾಲಿಶಿನ ಮೇಲೆ ಕೂರುತ್ತದೆ. ಮಳೆಗಾಲದಲ್ಲಿ ಪ್ಲಾಸ್ಟಿಕ್ ಹೊದಿಕೆ ಬೇಡ, ಅದರಡಿ ಬೆವರು ನಿಂತು ಬಣ್ಣ ಮತ್ತೆ ಹಾಳಾಗುತ್ತದೆ. ಮಾಡಿನಡಿ ಬಟ್ಟೆಯ ಹೊದಿಕೆ ಹಾಕಿ.

ಸೀಮೆಎಣ್ಣೆಯನ್ನೋ ಕೊಬ್ಬರಿ ಎಣ್ಣೆಯನ್ನೋ ಒರೆಸಿದರೆ ಕಾರು ಹೊಳೆಯುತ್ತದೆ ಎಂದು ಹೇಳುವವರು ಊರಲ್ಲಿ ಸಿಗುತ್ತಾರೆ. ಹೊಳೆಯುವುದು ನಿಜ, ಆದರೆ ಎರಡು ದಿನ; ಮೂರನೆಯ ದಿನ ಧೂಳು ಅಂಟಿ ಮೊದಲಿಗಿಂತ ಕೊಳಕಾಗುತ್ತದೆ. ಡ್ಯಾಶ್‌ಬೋರ್ಡಿಗೆ ಹಚ್ಚುವ ಸಿಲಿಕೋನ್ ಪಾಲಿಶನ್ನೂ ಮೈಗೆ ಹಚ್ಚಬೇಡಿ, ಮುಂದೆ ಪೇಂಟ್ ಮಾಡಿಸಿದರೆ ಹೊಸ ಬಣ್ಣ ಅಲ್ಲಲ್ಲಿ ಗುಳಿಬೀಳುತ್ತದೆ.

ಗ್ಯಾರೇಜಿನವರ ಮಾತನ್ನು ಪೂರ್ತಿ ತಳ್ಳಿಹಾಕುವಂತೆಯೂ ಇಲ್ಲ. ಬಾಗಿಲ ಕೆಳಂಚಿನಲ್ಲಿ ತುಕ್ಕಿನ ಗುಳ್ಳೆಗಳಿದ್ದರೆ ಪಾಲಿಶಿನಿಂದ ಅವು ಹೋಗುವುದಿಲ್ಲ, ಅಷ್ಟು ಭಾಗವನ್ನು ಟಿಂಕರಿಂಗ್ ಮಾಡಿಸಿ ಪೇಂಟ್ ಹೊಡೆಸಲೇಬೇಕು. ಆದರೆ ಈ ಕಾರಿನ ತಯಾರಿಕೆ ನಿಂತೇ ಇಪ್ಪತ್ತು ವರ್ಷ ದಾಟಿದೆ. ಕಾರ್ಖಾನೆಯಲ್ಲಿ ಬಿದ್ದ ಬಣ್ಣ ಉಳಿದಿದ್ದರೆ ಅದನ್ನು ಕೆರೆಸಿ ಹಾಕಲು ನಾನಂತೂ ಒಪ್ಪುವುದಿಲ್ಲ. ಹಾಗೆ ತೇಪೆ ಪೇಂಟ್ ಮಾಡಿಸುವುದಿದ್ದರೂ ಮೊದಲು ಇಡೀ ಕಾರನ್ನು ಉಜ್ಜಿ ಮುಗಿಸಿ, ವ್ಯಾಕ್ಸ್ ಹಚ್ಚುವ ಮುನ್ನ ಪೇಂಟರ್ ಬಳಿ ಒಯ್ಯಿರಿ. ಮಾಸಿದ ಕೆಂಪಿಗೆ ಬಣ್ಣ ಹೊಂದಿಸಿ ಆಮೇಲೆ ಉಜ್ಜಿದರೆ, ಅಡಿಯಿಂದ ಹೊರಬರುವ ಕೆಂಪು ಬೇರೆಯಾಗಿ, ತೇಪೆ ಎದ್ದು ಕಾಣುತ್ತದೆ. ಹೊಸದಾಗಿ ಬಳಿದ ಭಾಗಕ್ಕೆ ಮಾತ್ರ ಎರಡು ತಿಂಗಳು ವ್ಯಾಕ್ಸ್ ಬೇಡ, ಅದರೊಳಗಿನ ಥಿನ್ನರ್ ಪೂರ್ತಿ ಆರಲಿ.