ಮನೆಗೆ ಕಳಿಸಿದ ಕ್ವಿಜ್‌ನ ಅಂಕ ಯಾರದ್ದು?

ಮೂರನೇ ತರಗತಿಗೆ ಗೂಗಲ್ ಫಾರ್ಮ್‌ನಲ್ಲಿ ಕ್ವಿಜ್ ಮಾಡಿ ಪೋಷಕರ ವಾಟ್ಸ್ಆ್ಯಪ್‌ಗೆ ಕಳಿಸುತ್ತೇನೆ. ಎಲ್ಲರಿಗೂ ಒಳ್ಳೆ ಅಂಕ ಬರುತ್ತಿದೆ. ತರಗತಿಯಲ್ಲಿ ಅದೇ ಕಳೆಯುವ ಲೆಕ್ಕ ಕೊಟ್ಟರೆ ಅರ್ಧ ಮಕ್ಕಳು ತಪ್ಪುತ್ತಾರೆ. ಯಾಕೆ? – ಸರ್ಕಾರಿ ಶಾಲೆ ಶಿಕ್ಷಕಿ

ಮೇಡಂ, ಮೊದಲು ಮನೆಗೆ ಕಳಿಸುವುದನ್ನು ನಿಲ್ಲಿಸಿ. ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ, ನನಗೂ ಸಾಕಾಗಿದೆ. ಫೋನ್ ಅಪ್ಪನದು, ಒತ್ತಿದ ಬೆರಳು ಅಕ್ಕನದು. ಆ ಅಂಕ ಮಗುವಿನದು ಹೇಗಾಗುತ್ತದೆ? ಅದನ್ನೇ ರೂಪಣಾತ್ಮಕ ಮೌಲ್ಯಮಾಪನ (ಪಾಠದ ನಡುವೆಯೇ ಕಲಿಕೆ ಅಳೆಯುವುದು) ಅಂತ ಸ್ಯಾಟ್ಸ್‌ಗೆ, ಅಂದರೆ ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆಗೆ ಏರಿಸಿದರೆ ಮಗುವಿಗೇ ಅನ್ಯಾಯ.

ಕ್ವಿಜ್ ತರಗತಿಯಲ್ಲೇ ನಡೆಯಲಿ. ಅದಕ್ಕೆ ಎಲ್ಲರಿಗೂ ಟ್ಯಾಬ್ ಬೇಕಿಲ್ಲ. ಪ್ಲಿಕರ್ಸ್ ಅಂತ ಒಂದು ಆ್ಯಪ್ ಇದೆ. ಮಕ್ಕಳ ಕೈಗೆ ಬರೀ ಕಾಗದದ ಕಾರ್ಡ್. ಯಾವ ಬದಿ ಮೇಲೆ ಬರುವಂತೆ ಹಿಡಿಯುತ್ತಾರೋ ಅದೇ ಉತ್ತರ. ನಿಮ್ಮ ಒಂದು ಫೋನಿನ ಕ್ಯಾಮೆರಾ ಎಲ್ಲವನ್ನೂ ಓದಿಕೊಳ್ಳುತ್ತದೆ. ಒಬ್ಬೊಬ್ಬರ ಕಾರ್ಡ್ ಒಂದೊಂದು ಥರ ಇರುವುದರಿಂದ ಪಕ್ಕದವರದ್ದು ನೋಡಿ ಹಿಡಿಯುವುದು ಕಷ್ಟ.

ಆದರೆ ಅಸಲು ಕೆಲಸ ಆ್ಯಪ್‌ನದ್ದಲ್ಲ, ಆಯ್ಕೆಗಳದ್ದು. 52ರಲ್ಲಿ 27 ಕಳೆ ಅನ್ನಿ. ಸರಿ ಉತ್ತರ 25. ಜೊತೆಗೆ ಸುಮ್ನೆ 24, 26 ಅಂತ ತುಂಬಿದರೆ ನಿಮಗೇನೂ ತಿಳಿಯುವುದಿಲ್ಲ. 35, 30, 79 ಕೊಡಿ. 35 ಅಂದ ಮಗು 7ರಲ್ಲೇ 2 ಕಳೆದಿದೆ. 30 ಅಂದದ್ದು ‘2ರಲ್ಲಿ 7 ಹೋಗಲ್ಲ’ ಅಂತ ಸೊನ್ನೆ ಬರೆದಿದೆ. 79 ಅಂದದ್ದು ಚಿಹ್ನೆ ನೋಡದೆ ಕೂಡಿದೆ. ಮೂರೂ ಬೇರೆ ತಪ್ಪು, ಅಲ್ವಾ? ಮೊದಲ ಎರಡು ಗುಂಪನ್ನು ಹತ್ತರ ಕಡ್ಡಿಕಟ್ಟಿನ ಮುಂದೆ ಕೂರಿಸಿ, ಒಂದು ಕಟ್ಟು ಬಿಚ್ಚಿ ಕಳೆಯಲಿ. 79ರವರಿಗೆ ಅದು ಬೇಡ, ಚಿಹ್ನೆಗೆ ಸುತ್ತು ಹಾಕಿ ಶುರು ಮಾಡಿಸಿ ಸಾಕು. ಒಟ್ಟು ಅಂಕ ಇದ್ಯಾವುದನ್ನೂ ಹೇಳುವುದಿಲ್ಲ. ಯಾರು ಯಾವ ತಪ್ಪು ಆರಿಸಿದರು ಅನ್ನುವುದನ್ನೇ ನೋಡಿ.

ನಾಲ್ಕು ಆಯ್ಕೆ ಇದ್ದರೆ ಕಣ್ಣುಮುಚ್ಚಿ ಹಿಡಿದರೂ ನಾಲ್ಕರಲ್ಲೊಂದು ಸಲ ಸರಿಯಾಗುತ್ತದೆ. ಹಾಗಾಗಿ ಅನುಮಾನ ಬಂದ ಮಕ್ಕಳಿಂದ ಸ್ಲೇಟಿನ ಮೇಲೆ ಮಾಡಿಸಿ, ಹೇಗೆ ಮಾಡಿದೆ ಅಂತ ಬಾಯಲ್ಲಿ ಹೇಳಿಸಿ. ಇದನ್ನು ಮಾತ್ರ ಬಿಡಬೇಡಿ.

ಮಗುವಿನ ಓದು ಕೇಳಿ ಅಂಕ ಕೊಡುವ ಆ್ಯಪ್ ನಂಬಬಹುದಾ?

ಮನೆಯಲ್ಲಿ ಅಭ್ಯಾಸಕ್ಕಾದರೆ ಸರಿ. ಅಂಕಕ್ಕೆ ಬೇಡ, ನೀವೇ ಕೇಳಿ. ಮಕ್ಕಳ ಓದು, ಲೆಕ್ಕ ಅಳೆಯುವ ಅಸರ್ ಸಮೀಕ್ಷೆಯವರು 2005ರಿಂದ ಹಳ್ಳಿ ಹಳ್ಳಿಗೆ ಹೋಗಿ ಒಂದೊಂದೇ ಮಗುವಿನ ಎದುರು ಕೂತು ಓದಿಸುತ್ತಿದ್ದಾರೆ. ಒಂದು ನಿಮಿಷದ ಓದನ್ನು ಫೋನ್‌ನಲ್ಲಿ ರೆಕಾರ್ಡ್ ಮಾಡಿಡಿ. ಜೂನ್‌ನದ್ದೂ ನವೆಂಬರ್‌ನದ್ದೂ ಪಕ್ಕಪಕ್ಕ ಕೇಳಿದರೆ ಒತ್ತಕ್ಷರದಲ್ಲಿ ಎಡವುವುದು ಕಡಿಮೆಯಾಯಿತಾ ಅಂತ ಗೊತ್ತಾಗುತ್ತದೆ.

ಬೆರಳಚ್ಚು ಸ್ಕ್ಯಾನ್ ಮಾಡಿ ಮಗುವಿನ ಬುದ್ಧಿಶಕ್ತಿ ಹೇಳುತ್ತೇವೆ ಅಂತ ಶಾಲೆಗೆ ಬಂದಿದ್ದಾರೆ.

ಶುದ್ಧ ಮೋಸ. ಗೇಟಿನಿಂದಲೇ ವಾಪಸ್ ಕಳಿಸಿ. ಬೆರಳ ಗೆರೆಗೂ ಕಲಿಕೆಗೂ ಸಂಬಂಧವೇ ಇಲ್ಲ. ಮಕ್ಕಳ ಬೆರಳಚ್ಚು ಕಂಡವರ ಕೈಗೆ ಹೋಗುವುದು ಬೇರೆ ಅಪಾಯ.

ಎಲ್ಲರ ಅಂಕಪಟ್ಟಿ ತರಗತಿಯ ಗ್ರೂಪ್‌ಗೆ ಹಾಕಬಹುದಾ?

ಬೇಡ. ಹಾಕಿದ್ದರೆ ಇವತ್ತೇ ಅಳಿಸಿ, ಆಯಾ ಮಗುವಿನ ಪೋಷಕರಿಗೆ ಮಾತ್ರ ಹೇಳಿ.